ಕೆಂಚವ್ವನ ಹೊಸ ಶಾಸ್ತ್ರ

ಕಟಕೋಳದಲ್ಲಿ ಶಾಸ್ತ್ರ ಹೇಳುವವರಿಗೇನೂ ಕೊರತೆಯಿಲ್ಲ. ಮಠದ ಅಯ್ಯನವರಿದ್ದಾರೆ, ಪಂಚಾಂಗ ನೋಡುವವರಿದ್ದಾರೆ, ಈಚೆಗೆ ಮೊಬೈಲಿನಲ್ಲೂ ದಿನಕ್ಕೊಂದು ಶಾಸ್ತ್ರ ಬಂದು ಬೀಳುತ್ತದೆ. ಆದರೆ ಕೆಂಚವ್ವನಿಗೆ ಇವರ್ಯಾರೂ ಬೇಕಿರಲಿಲ್ಲ. ತನಗೆ ಬೇಕಾದ ಶಾಸ್ತ್ರವನ್ನು ಆಕೆ ತಾನೇ ಮಾಡಿಕೊಳ್ಳುತ್ತಿದ್ದಳು, ರೊಟ್ಟಿ ಬಡಿದಷ್ಟೇ ಸಲೀಸಾಗಿ.

ಒಮ್ಮೆ ನೆರೆಯವಳಿಗೆ ತನ್ನ ದೊಡ್ಡ ರೊಟ್ಟಿ ಹಂಚು ಕೊಡಲು ಮನಸ್ಸಾಗಲಿಲ್ಲ. “ಶನಿವಾರ ಹಂಚು ಹೊಸ್ತಿಲಾ ದಾಟಬಾರದು” ಅಂದಳು. ಈಗ ಅರ್ಧ ಊರು ಶನಿವಾರ ಹಂಚು ಕೊಡುವುದಿಲ್ಲ. ಇನ್ನೊಮ್ಮೆ ಬೀಗರು ಬಂದು ಕೂತವರು ಏಳುವ ಲಕ್ಷಣವೇ ಕಾಣಲಿಲ್ಲ. ದೀಪ ಹಚ್ಚಿದ ಮೇಲೆ ಬೀಗರು ಬೀಗರ ಮುಖ ನೋಡಿದರೆ ಎರಡೂ ಮನೆಗೆ ಒಳ್ಳೆಯದಲ್ಲ ಎಂದು ಆಕೆ ಮೆತ್ತಗೆ ಹೇಳಿದಳು. ಬೀಗರು ಅರ್ಧ ಚಹಾ ಬಿಟ್ಟು ಎದ್ದರು. ಎಲ್ಲಕ್ಕಿಂತ ಹಳೆಯ ಶಾಸ್ತ್ರವೆಂದರೆ ಮಾಳಿಗೆಯದು. ಮನೆಯ ಯಜಮಾನಿ ಮಾಳಿಗೆ ಏರಿದರೆ ಲಕ್ಷ್ಮಿ ಇಳಿದು ಹೋಗುತ್ತಾಳಂತೆ. ಮದುವೆಯಾಗಿ ಬಂದ ವರ್ಷವೇ ಇದು ಹುಟ್ಟಿದ್ದು. ಅಂದಿನಿಂದ ಶಾವಿಗೆ ಒಣಹಾಕಲು, ಮೆಣಸಿನಕಾಯಿ ಹರವಲು, ಮಳೆ ಬಂದಾಗ ಬೆಳಕಿಂಡಿ ಮುಚ್ಚಲು ಆಕೆಯ ಗಂಡ ಶಂಕರೆಪ್ಪನೇ ಏರುತ್ತಿದ್ದ. ಕೆಂಚವ್ವ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಹುಕುಂ ಮಾಡುತ್ತಿದ್ದಳು.

ನಿಜ ಇಷ್ಟೇ: ಕೆಂಚವ್ವನಿಗೆ ಎತ್ತರವೆಂದರೆ ಅಂಜಿಕೆ. ಹಗ್ಗ ಹರಿದುಕೊಂಡ ಹೋರಿಯ ಮೂಗುದಾರ ಹಿಡಿದು ನಿಲ್ಲಿಸಿದ ಹೆಂಗಸು ಅವಳು. ಜಗಳಕ್ಕೆ ನಿಂತರೆ ಎದುರಿನವರು ಗಂಟಲು ಒಣಗಿ ನೀರು ಕೇಳಬೇಕು. ಅಂಥವಳಿಗೆ ನಿಚ್ಚಣಿಕೆಯ ಮೂರನೇ ಮೆಟ್ಟಿಲಿಗೆ ಮೊಣಕಾಲು ಅಂಬಲಿಯಾಗುತ್ತಿದ್ದವು. ಈ ಸಂಗತಿ ಊರಿಗೆ ಗೊತ್ತಾದರೆ ಇಷ್ಟು ವರ್ಷ ಗಳಿಸಿದ ಗತ್ತು ಒಂದೇ ದಿನಕ್ಕೆ ಮಣ್ಣುಪಾಲು. ಶಂಕರೆಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಆತ ಬಾಯಿ ಬಿಟ್ಟವನಲ್ಲ.

ಹೀಗೆ ಸುಖವಾಗಿ ನಡೆದಿದ್ದಾಗ ಬೈಲಹೊಂಗಲದ ಗುರುನಾಥ ಎಂಬ ಸಿಮೆಂಟ್ ವ್ಯಾಪಾರಿ ದುಬೈಗೆ ಹೋಗಿ ಬಂದ. ಅಲ್ಲಿ ಮುಗಿಲಿಗೆ ಮುಟ್ಟುವ ಕಟ್ಟಡದ ತುದಿಯಲ್ಲಿ ನಿಂತು ಜನ ಕೆಳಗೆ ನೋಡುವುದನ್ನು ಕಂಡು ಬಂದವನಿಗೆ ನಿದ್ದೆ ಹತ್ತಲಿಲ್ಲ. ಉಗರಗೋಳದ ಈಚೆ ದಿನ್ನೆಯ ಮೇಲೆ ಹದಿನೆಂಟು ಅಂತಸ್ತಿನಷ್ಟು ಎತ್ತರದ ಗೋಪುರ ಎಬ್ಬಿಸಿಯೇಬಿಟ್ಟ. ಹೊರಗಿನಿಂದ ಏರುವ ಗಾಜಿನ ಲಿಫ್ಟು, ತುದಿಯಲ್ಲಿ ಸುತ್ತಲೂ ಕಟಾಂಜನದ ಕಂಬಿ ಹಾಕಿದ ಅಂಗಳ. ಸವದತ್ತಿ ಬಸ್ ನಿಲ್ದಾಣದಿಂದ ರಾಮದುರ್ಗದ ತನಕ ಫಲಕ ಹಾಕಿಸಿದ: “ಎಲ್ಲಮ್ಮನ ಗುಡ್ಡದ ಕಳಸಕ್ಕಿಂತ ಎತ್ತರ! ಬನ್ನಿ, ನೋಡಿ!”

ಆ ಗೋಪುರದ ಲಿಫ್ಟಿನಲ್ಲಿ ಜನರನ್ನು ಏರಿಸಿ ಇಳಿಸುವ ಕೆಲಸ ಸಿಕ್ಕಿದ್ದು ಕೆಂಚವ್ವನ ಸೊಸೆ ಮೀನಾಳಿಗೆ. ಸಾಲಹಳ್ಳಿಯ ಹುಡುಗಿ, ಬಿ.ಎ. ಓದಿದವಳು. ಕೆಂಚವ್ವನ ಮಗ ಅಪ್ಪುವನ್ನು ಮದುವೆಯಾಗಿ ಬಂದು ಎರಡು ವರ್ಷವಾದರೂ ಅತ್ತೆಯ ಮುಂದೆ “ಹೂಂ ರಿ”, “ಇಲ್ರಿ” ಎರಡೇ ಮಾತು ಆಡಿದ್ದಳು. ಈ ಕೆಲಸ ಸಿಕ್ಕ ಮೇಲೆ ಅವಳ ನಾಲಿಗೆ ಬಿಚ್ಚಿತು. ಸಂಜೆ ಬಂದು ಒಲೆಯ ಮುಂದೆ ಕೂತು, ಮೇಲೆ ಯಾರು ಅತ್ತರು, ಯಾರು ಗಂಡನ ಕೊರಳಿಗೆ ಜೋತುಬಿದ್ದರು, ಯಾವ ಮಾಸ್ತರರ ಟೊಪ್ಪಿಗೆ ಹಾರಿತು ಎಂದು ಹೇಳಿ ನಗಿಸುತ್ತಿದ್ದಳು. ಕೆಂಚವ್ವ ಊರವರ ಮುಂದೆ “ಸೊಸಿ ದುಡಿಕಿ ನಮಗೇನ ಬೇಕಾಗಿಲ್ರಿ” ಎಂದು ಮೂಗು ಮುರಿದಳು. ಬಸ್ಸಿನ ಕಂಡಕ್ಟರನಿಗೆ ಮಾತ್ರ ಗೋಪುರ ಕಂಡಾಗಲೆಲ್ಲ “ಅದರಾಗ ನಮ್ಮ ಸೊಸಿ ಅದಾಳ” ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಆಕೆಗೆ ಈ ಹುಡುಗಿಯೆಂದರೆ ಪ್ರಾಣ. ಅದನ್ನು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ, ಅಷ್ಟೆ.

ಒಂದು ದಿನ ಮೀನಾ ಅತ್ತೆಗೂ ಆಕೆಯ ಮಹಿಳಾ ಸಂಘದ ಎಂಟು ಮಂದಿಗೂ ಬಿಟ್ಟಿ ಪಾಸು ತಂದಳು. ಹೆಂಗಸರು ಆಧಾರ್ ಕಾರ್ಡು, ಬುತ್ತಿಯ ಗಂಟು ಹಿಡಿದು ಬಸ್ ಹತ್ತಿದರು. ಎಲ್ಲರ ಮುಂದೆ ಕೆಂಚವ್ವ. ದಾರಿಯುದ್ದಕ್ಕೂ ಆಕೆಯದೇ ಬಾಯಿ. ಗೋಪುರದ ಬುಡಕ್ಕೆ ಬಂದು ಕತ್ತೆತ್ತಿ ನೋಡಿದಾಗ ಬಾಯಿ ತಾನಾಗಿಯೇ ಮುಚ್ಚಿತು. ತುದಿ ಕಾಣುವಷ್ಟರಲ್ಲಿ ತಲೆಯ ಮೇಲಿನ ಸೆರಗು ಜಾರಿ ಹಿಂದೆ ಬಿತ್ತು.

ಮೀನಾ ನೀಲಿ ಕೋಟು ಹಾಕಿಕೊಂಡು, ಕೊರಳಲ್ಲಿ ಗುರುತಿನ ಚೀಟಿ ತೂಗಾಡಿಸುತ್ತ, ಲಿಫ್ಟಿನ ಬಾಗಿಲು ತೆರೆದು ನಿಂತಿದ್ದಳು. “ಬರ್ರಿ ಅತ್ತಿ, ಮೊದಲ ನೀವ ಬರ್ರಿ.”

ಕೆಂಚವ್ವ ಗಾಜಿನ ಗೋಡೆ ನೋಡಿದಳು. ಹಿಂದೆ ಎಂಟು ಮಂದಿ, ಅವರಲ್ಲಿ ಸಾವಂತ್ರೆವ್ವನೂ ಒಬ್ಬಳು. ಸಣ್ಣಂದಿನಿಂದ ಕೆಂಚವ್ವನ ಜೊತೆಗಾತಿ, ಅಷ್ಟೇ ಹಳೆಯ ಪೈಪೋಟಿಗಾರ್ತಿ. ಅವಳ ಮುಂದೆ ಸೋಲುವುದಕ್ಕಿಂತ ಬಾವಿ ಮೇಲು. ಅಷ್ಟರಲ್ಲಿ ಕೆಂಚವ್ವನ ಕಣ್ಣು ಗುರುನಾಥನ ಫಲಕದ ಮೇಲೆ ಬಿತ್ತು.

“ಮೀನಾ, ಮ್ಯಾಲಿಂದ ಎಲ್ಲವ್ವನ ಕಳಸ ಕಾಣತೈತೇನ?”

“ಚೊಲೊತ್ನಾಗಿ ಕಾಣತೈತ್ರಿ. ನಮಗಿಂತ ಕೆಳಗ ಕಾಣತೈತಿ.”

ಕೆಂಚವ್ವ ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಕೆನ್ನೆ ಬಡಿದುಕೊಂಡಳು. “ಶಿವ ಶಿವಾ. ಎಲ್ಲವ್ವನ ಕಳಸಕ್ಕಿಂತ ಮ್ಯಾಲ ನಿಂತು ಆಕಿನ್ನ ಕೆಳಗ ನೋಡೂದಾ? ನಮ್ಮ ಹಿರ್ಯಾರು ಸಾಯೂ ಮುಂದ ಹೇಳಿ ಸತ್ತಾರ, ಅದೊಂದ ಮಾಡಬ್ಯಾಡ್ರಿ ಅಂತ. ನೀವು ಹೋಗ್ರಿ ಬೇಕಾದ್ರ. ನಾ ಬ್ಯಾಡ ಅನ್ನೂದಿಲ್ಲ.”

ಆಕೆಯ ಲೆಕ್ಕ ಸರಳವಾಗಿತ್ತು. ಉಳಿದವರು ಏರುತ್ತಾರೆ, ತಾನು ಕೆಳಗೆ ಬುತ್ತಿ ಕಾಯುತ್ತ ಭಕ್ತಿವಂತೆ ಅನ್ನಿಸಿಕೊಳ್ಳುತ್ತೇನೆ. ಆದರೆ ಎಂಟೂ ಮಂದಿ ನಿಂತಲ್ಲೇ ನಿಂತರು. ಬಿಚ್ಚಿದ ಚಪ್ಪಲಿಯನ್ನು ಒಬ್ಬಾಕೆ ಮತ್ತೆ ಮೆಟ್ಟಿಕೊಂಡಳು. ಸಾವಂತ್ರೆವ್ವನಂತೂ ಎಲ್ಲರಿಗಿಂತ ಮೊದಲು ಬಾಯಿ ಹಾಕಿದಳು.

“ಹೌದ ಬೇ, ನಾನೂ ಕೇಳೇನಿ. ನಮ್ಮ ಸಣ್ಣವ್ವನ ಮೈದುನ ಹಿಂಗ ಒಂದ ಸಲ ಕಳಸದ ಮ್ಯಾಲಿಂದ ನೋಡಿದ್ದಂತ. ಮರುದಿನ ಕಣ್ಣು ಮಬ್ಬಾದವು.”

ತನಗೆ ಗೊತ್ತಿಲ್ಲದ ಶಾಸ್ತ್ರ ಲೋಕದಲ್ಲಿದೆ ಎಂದು ಸಾವಂತ್ರೆವ್ವ ಒಪ್ಪಿದವಳೇ ಅಲ್ಲ. ಹೆಂಗಸರು ಗಿಡದ ನೆರಳಿಗೆ ಕೂತು ಶೇಂಗಾ ಹಿಂಡಿ, ರೊಟ್ಟಿ, ಮಾದಲಿ ಉಂಡು, ಬಂದ ಬಸ್ಸಿಗೇ ತಿರುಗಿ ಹೋದರು. ಲಿಫ್ಟಿನ ಬಾಗಿಲಲ್ಲಿ ಮೀನಾ ಒಬ್ಬಳೇ ನಿಂತಿದ್ದಳು. ಅವಳ ಮುಖ ನೋಡಿ ಕೆಂಚವ್ವನಿಗೆ ಕಸಿವಿಸಿಯಾಯಿತು. ಆದರೂ ಪಾರಾದೆನಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ನಾಡು ನಮ್ಮದು. ಬಸ್ಸಿನಲ್ಲಿ ಹುಟ್ಟಿದ ಸುದ್ದಿ ಕೆಂಚವ್ವ ಮನೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು. ವಾರದೊಳಗೆ ಬೈಲಹೊಂಗಲ ದಾಟಿ ಕಿತ್ತೂರಿಗೆ ಹೋಯಿತು. ತಿರುಗಿ ಬರುವಾಗ ಕೈಕಾಲು ಮೂಡಿಸಿಕೊಂಡೇ ಬಂತು. ಮೇಲೆ ಹೋಗಿ ಬಂದವನೊಬ್ಬನಿಗೆ ಮೂರು ದಿನ ವಾಂತಿಭೇದಿಯಂತೆ, ಇನ್ನೊಬ್ಬನ ಎಮ್ಮೆ ಹಾಲು ಬತ್ತಿಸಿತಂತೆ. ಗುಡ್ಡಕ್ಕೆ ಹೋಗುವ ಭಕ್ತರು ಗೋಪುರದ ಬಳಿ ಬಂಡಿ ನಿಲ್ಲಿಸುತ್ತಿದ್ದರು ನಿಜ, ಆದರೆ ಏರಲು ಅಲ್ಲ. ಯಾರೋ ಅದರ ಬುಡಕ್ಕೆ ಒಂದು ಕಲ್ಲಿಟ್ಟು ಅರಿಷಿಣ ಬಳಿದಿದ್ದರು. ಅಲ್ಲಿ ಕಾಯಿ ಒಡೆದು, ಲಿಂಬೆಹಣ್ಣು ಇಟ್ಟು, ಈ ಕಂಬ ಕಟ್ಟಿದವನ ತಪ್ಪು ಹೊಟ್ಟೆಗೆ ಹಾಕಿಕೋ ತಾಯಿ ಎಂದು ಬೇಡಿಕೊಂಡು ಮುಂದೆ ಸಾಗುತ್ತಿದ್ದರು. ಗುರುನಾಥ ಫಲಕವನ್ನೆಲ್ಲ ಕೀಳಿಸಿದ. ಏನೂ ಉಪಯೋಗವಾಗಲಿಲ್ಲ. ಅಮಾವಾಸ್ಯೆಯ ತನಕ ನೋಡಿ ಬಾಗಿಲು ಹಾಕುತ್ತೇನೆ ಎಂದು ಕೆಲಸದವರಿಗೆಲ್ಲ ಹೇಳಿಬಿಟ್ಟ.

ಇದೆಲ್ಲ ಕೇಳಿ ಕೆಂಚವ್ವನಿಗೆ ಒಳಗೊಳಗೇ ಕಾವು ಹತ್ತಿತು. ಆದರೆ ಆಕೆಯ ಎದೆ ನಿಜವಾಗಿ ಒಡೆದದ್ದು ಒಂದು ಮಂಗಳವಾರ ಸಂಜೆ, ಸೊಸೆಯ ಬುತ್ತಿ ಡಬ್ಬಿ ತೊಳೆಯಲು ತೆಗೆದಾಗ. ರೊಟ್ಟಿ ಮುರಿದಿರಲಿಲ್ಲ, ಪಲ್ಯ ಮುಟ್ಟಿರಲಿಲ್ಲ.

“ಯಾಕ ಮೀನಾ, ಉಂಡಿಲ್ಲಲ್ಲ?”

“ಮಂಗಳವಾರ ಉಪಾಸ ಹಿಡದೇನ್ರಿ ಅತ್ತಿ.”

“ಯಾವಾಗಿಂದ?”

“ಇದು ನಾಕನೇದ್ದು.” ಮೀನಾ ತಲೆ ಎತ್ತಲಿಲ್ಲ. “ನೀವು ಹೇಳೂತನಾ ನನಗ ಗೊತ್ತಿರಲಿಲ್ರಿ. ದಿನಕ್ಕ ನಲವತ್ತು ಸಲ ಎಲ್ಲವ್ವನ ಕಳಸದ ಮ್ಯಾಲ ಹೋಗಿ ನಿಂತೇನಿ. ಮಂದಿನ್ನೂ ಕರಕೊಂಡ ಹೋಗಿ ನಿಂದರಿಸೇನಿ. ಎಷ್ಟ ಪಾಪ ಬಂದೈತೋ ಏನೋ. ಕೆಲಸ ಹೋದ್ರ ಹೋಗಲಿ ಬಿಡ್ರಿ, ಒಂದ ನಮೂನಿ ಚೊಲೊನ ಆತು.”

ಹಾಗೆಂದು ಎದ್ದು ಹೋಗಿ ಹಿಟ್ಟು ನಾದಲು ಕೂತಳು. ಅಂದು ಒಲೆಯ ಮುಂದೆ ಯಾರ ಟೊಪ್ಪಿಗೆಯ ಸುದ್ದಿಯೂ ಬರಲಿಲ್ಲ. “ಹೂಂ ರಿ”, “ಇಲ್ರಿ” ಎಂಬ ಎರಡೇ ಮಾತಿನ ಹಳೆಯ ಮೀನಾ ತಿರುಗಿ ಬಂದು ಕೂತಂತಿತ್ತು. ಕೆಂಚವ್ವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಹಂಚಿನ ಸುಳ್ಳು, ಬೀಗರ ಸುಳ್ಳು ಯಾರ ಹೊಟ್ಟೆಯನ್ನೂ ಉಪವಾಸ ಕೆಡವಿರಲಿಲ್ಲ. ಈ ಸುಳ್ಳು ಮನೆಯ ಮಗಳ ತಟ್ಟೆಗೇ ಕೈ ಹಾಕಿತ್ತು.

ಮರುದಿನ ಹಿಟ್ಟಿನ ಗಿರಣಿಯಲ್ಲಿ ಸಂಘದ ಹೆಂಗಸರೆಲ್ಲ ಸಿಕ್ಕರು. ಕೆಂಚವ್ವ ಗಂಟಲು ಸರಿಮಾಡಿಕೊಂಡು, ಅದೊಂದು ಬಾಯಿಗೆ ಬಂದ ಮಾತು, ಹಿರಿಯರು ಹಾಗೇನೂ ಹೇಳಿರಲಿಲ್ಲ ಅಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಪಾಪ, ಸೊಸಿ ಕೆಲಸ ಹೋಗತೈತಂತ ಹಿಂಗ ಅಂತಿ,” ಅಂದಳು ಸಾವಂತ್ರೆವ್ವ. “ಸೊಸಿ ಸಲುವಾಗಿ ಎಲ್ಲವ್ವಗ ಎದುರ ಬೀಳಬ್ಯಾಡ ಕೆಂಚವ್ವ.”

ಸುಳ್ಳು ಹೇಳಿದಾಗ ಕೈಮುಗಿದು ನಂಬಿದವರು ನಿಜ ಹೇಳಿದರೆ ಕನಿಕರಪಟ್ಟರೇ ಹೊರತು ನಂಬಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ. ಇನ್ನು ಉಳಿದದ್ದು ಒಂದೇ ದಾರಿ. ಶಾಸ್ತ್ರ ಹಾಕಿದವಳೇ ಹೋಗಿ ಮೇಲೆ ನಿಲ್ಲಬೇಕು, ಏನೂ ಆಗದೆ ಇಳಿದು ಬರಬೇಕು, ಅದನ್ನು ಊರು ನೋಡಬೇಕು.

“ಮುಂದಿನ ಮಂಗಳವಾರ ನಾ ಆ ಕಂಬಾ ಏರತೇನ್ರಿ,” ಎಂದು ಗಂಡನಿಗೆ ಹೇಳಿದಳು.

ಶಂಕರೆಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತದೆ ಕೇಳಿದ, “ಹಂಗಾದ್ರ ಮಾಳಿಗಿ ಮ್ಯಾಗಿನ ಮೆಣಸಿನಕಾಯಿ ಇವತ್ತ ನೀನ ತರತಿ ಏನ?”

ಆತನಿಗೆ ಎಲ್ಲ ಗೊತ್ತಿತ್ತು ಎಂದು ಕೆಂಚವ್ವನಿಗೆ ತಿಳಿದದ್ದು ಆಗ. ನಲವತ್ತು ವರ್ಷ ಸುಮ್ಮನೆ ಏರಿ ಇಳಿದ ಗಂಡಸಿನ ಮುಂದೆ ಆಕೆ ಅಡಿಕೆ ಕತ್ತರಿಸಿ ಇಟ್ಟಳು.

ಮಂಗಳವಾರ ಬಸ್ಸಿನ ತುಂಬ ಕಟಕೋಳದವರೇ. ಕೆಂಚವ್ವ ಎಲ್ಲವ್ವನ ಕೋಪಕ್ಕೆ ಎದೆ ಕೊಡುತ್ತಾಳಂತೆ ಎಂದು ಸುದ್ದಿಯಾಗಿ, ದಾರಿಯಲ್ಲಿ ಇನ್ನಷ್ಟು ಜನ ಕೂಡಿಕೊಂಡರು. ಗುರುನಾಥ ಏನೂ ತಿಳಿಯದೆ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಕೆಂಚವ್ವ ಅರಿಷಿಣದ ಕಲ್ಲಿಗೆ ಕೈಮುಗಿದಳು. ಅಷ್ಟು ಮನಸಾರೆ ಆಕೆ ಎಂದೂ ಬೇಡಿಕೊಂಡಿರಲಿಲ್ಲ. ‘ಯವ್ವಾ ಎಲ್ಲವ್ವಾ, ನಿನ್ನ ಹೆಸರಿಲೆ ಸುಳ್ಳ ಹೇಳೇನಿ. ಇನ್ನೊಂದ ಹೇಳತೇನಿ, ಕಡೀದು. ಹೊಟ್ಟ್ಯಾಗ ಹಾಕ್ಕೋ.’ ಆಮೇಲೆ ತಿರುಗಿ ಜನಕ್ಕೆ ಹೇಳಿದಳು.

“ಕೇಳ್ರಿ. ಹಿರ್ಯಾರ ಮಾತು ನಾ ಅರ್ಧಾ ಅಷ್ಟ ಹೇಳಿದ್ದೆ. ಕಣ್ಣು ತಕ್ಕೊಂಡು ಏರಬಾರದು ಅಂದಿದ್ರು. ಕಣ್ಣು ಮುಚ್ಚಿಕೊಂಡು ಏರಿ, ಗುಡ್ಡದ ಕಡೆ ಭಂಡಾರದ ಅರಿಷಿಣ ಹಾರಿಸಿದ್ರ ದೋಷ ಇಲ್ಲ.”

“ಏರೂ ಮುಂದ ಅಷ್ಟ ಮುಚ್ಚಬೇಕೋ, ಮ್ಯಾಲ ನಿಂತಾಗೂ ಮುಚ್ಚಬೇಕೋ?” ಸಾವಂತ್ರೆವ್ವ ತಟ್ಟನೆ ಕೇಳಿದಳು.

“ಇಳಿದು ಕಾಲು ನೆಲಕ್ಕ ಹತ್ತೂತನಾ ಮುಚ್ಚಬೇಕು.”

ಸಾವಂತ್ರೆವ್ವನ ಮುಖ ಅರಳಿತು. ಯಾಕೆಂದು ಯೋಚಿಸುವ ಸ್ಥಿತಿಯಲ್ಲಿ ಕೆಂಚವ್ವ ಇರಲಿಲ್ಲ. ಕಣ್ಣು ಮುಚ್ಚಿ, ಸೊಸೆಯ ಕೈ ಹಿಡಿದು, ಲಿಫ್ಟಿನೊಳಗೆ ಕಾಲಿಟ್ಟಳು. ಲಿಫ್ಟು ಎದ್ದಿತು. ಗೊತ್ತಿದ್ದ ದೇವರ ಹೆಸರೆಲ್ಲ ಮುಗಿದು, ಗೊತ್ತಿದ್ದ ಬೈಗುಳ ಶುರುವಾಗುವ ಹೊತ್ತಿಗೆ ಲಿಫ್ಟು ನಿಂತಿತು. ಮುಖಕ್ಕೆ ಗಾಳಿ ಹೊಡೆಯಿತು.

“ಬಂದೇವ್ರಿ. ಮುಂದ ಐದ ಹೆಜ್ಜಿ.”

ಐದು ಹೆಜ್ಜೆಯನ್ನು ಕೆಂಚವ್ವ ಹದಿನೈದು ಮಾಡಿ ನಡೆದಳು. ಒಂದು ಕೈಯಲ್ಲಿ ಮೀನಾಳ ಕೋಟು, ಇನ್ನೊಂದರಲ್ಲಿ ಭಂಡಾರದ ಚೀಲ. “ಹೂಂ, ಹಾರಿಸ್ರಿ” ಅಂದಾಗ ಹಿಡಿ ತುಂಬಿ ಎಸೆದಳು. ಗಾಳಿ ಅದರಲ್ಲಿ ಅರ್ಧವನ್ನು ತಿರುಗಿ ಅತ್ತೆ ಸೊಸೆಯರ ಮುಖಕ್ಕೇ ಬಡಿಯಿತು. ಉಳಿದರ್ಧ ಕೆಳಗಿನವರಿಗೆ ಕಂಡಿತು. “ಉಧೋ ಉಧೋ!” ಎಂಬ ಕೂಗು ಅಷ್ಟು ಕೆಳಗಿನಿಂದ ಸಣ್ಣದಾಗಿ ಏರಿ ಬಂತು.

ಮೀನಾ ಬಗ್ಗಿ ನೋಡಿದಳು. “ಅತ್ತಿ, ಟಿಕೀಟಿಗೆ ಪಾಳಿ ಹಚ್ಚ್ಯಾರ್ರಿ,” ಅಂದಳು. ಆಮೇಲೆ ಗುಡ್ಡದ ಕಡೆ ತಿರುಗಿ ಮೆಲ್ಲಗೆ, “ತಪ್ಪಾತು ತಾಯಿ” ಎಂದು ಕೆನ್ನೆ ಬಡಿದುಕೊಂಡ ಸಪ್ಪಳ ಕೆಂಚವ್ವನಿಗೆ ಕೇಳಿಸಿತು.

ಆ ಸಪ್ಪಳ ಆಕೆಗೆ ತಡೆಯಲಾಗಲಿಲ್ಲ. ಇದ್ದಲ್ಲೇ ನೆಲಕ್ಕೆ ಕುಸಿದು ಕೂತಳು.

“ಮೀನಾ, ನೀ ಯಾ ತಪ್ಪೂ ಮಾಡಿಲ್ಲ. ಹಿರ್ಯಾರು ಏನೂ ಹೇಳಿರಲಿಲ್ಲ. ಎಲ್ಲವ್ವ ಏನೂ ಅಂದಿಲ್ಲ. ನನಗ ಅಂಜಿಕಿ. ನಿಚ್ಚಣಿಕಿ ಅಂದ್ರೂ ಅಂಜಿಕಿ, ಮಾಳಿಗಿ ಅಂದ್ರೂ ಅಂಜಿಕಿ. ಅದನ್ನ ಮುಚ್ಚಾಕ ಶಾಸ್ತ್ರಾ ಮಾಡಿದೆ. ನಿನ್ನ ಹೊಟ್ಟಿ ಉರಿಸಿದೆ.”

ಕೆಂಚವ್ವ ಕಣ್ಣು ಮುಚ್ಚಿಕೊಂಡೇ ಸೆರಗಿನ ಗಂಟು ಬಿಚ್ಚಿ, ಮನೆಯಿಂದ ಕಟ್ಟಿಕೊಂಡು ಬಂದ ಸಜ್ಜಿ ರೊಟ್ಟಿ ತೆಗೆದಳು. ಬೆಣ್ಣೆ ಹಚ್ಚಿ, ಶೇಂಗಾ ಹಿಂಡಿ ಇಟ್ಟು ಮಡಚಿದ್ದಳು. ಒಂದು ತುತ್ತು ಮುರಿದು, ಸೊಸೆಯ ಬಾಯಿ ಎಲ್ಲಿರಬಹುದೆಂದು ಅಂದಾಜು ಮಾಡಿ ಕೈ ಚಾಚಿದಳು. ಮೊದಲ ಸಲ ಗಾಳಿಗೆ ಉಣಿಸಿದಳು, ಎರಡನೇ ಸಲ ಮೀನಾಳ ಮೂಗಿಗೆ.

“ಉಣ್ಣ ಬೇ. ಉಪಾಸ ಬಿಡು.”

“ನೀವು ಕಣ್ಣು ತೆಗೀರಿ,” ಅಂದಳು ಮೀನಾ. “ತೆಗಿಯೂತನಾ ನಾ ಬಾಯಿ ತೆಗಿಯೂದಿಲ್ಲ.”

“ಅದೊಂದ ಕೇಳಬ್ಯಾಡ.”

“ಲಿಫ್ಟಿನ ಕೀಲಿ ನನ್ನ ಕಡೆ ಐತ್ರಿ. ಸಂಜಿತನಾ ಇಲ್ಲೇ ಕುಂಡ್ರೂಣು.”

ಇಂಥ ಮಾತು ಆ ಹುಡುಗಿಯ ಬಾಯಿಂದ ಬಂದೀತೆಂದು ಕೆಂಚವ್ವ ಕನಸಿನಲ್ಲೂ ಎಣಿಸಿರಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಕೈಯಲ್ಲಿ ತುತ್ತು ಹಾಗೇ ಇತ್ತು. ಮೊದಲು ಎಡಗಣ್ಣು ಒಂದು ಎಳೆಯಷ್ಟು ತೆಗೆದಳು. ಕಂಡದ್ದು ಮೀನಾಳ ಮುಖ, ಅರಿಷಿಣ ಮೆತ್ತಿ, ಕಣ್ಣೀರು ಇಳಿದಲ್ಲಿ ಗೆರೆ ಬಿದ್ದು, ತುಟಿ ಬಿಗಿಹಿಡಿದ ಮುಖ. ಬಲಗಣ್ಣೂ ತಾನಾಗಿ ತೆರೆಯಿತು. ಮೀನಾ ಬಾಯಿ ತೆರೆದಳು. ಅತ್ತೆ ತುತ್ತಿಟ್ಟಳು.

ಎರಡನೇ ತುತ್ತಿಗೆ ಕೆಂಚವ್ವ ಸೊಸೆಯ ಭುಜದಾಚೆ ನೋಡಿದಳು. ಎದೆ ಒಮ್ಮೆ ಧಸಕ್ಕೆಂದಿತು, ಆದರೆ ನಿಲ್ಲಲಿಲ್ಲ. ಮಲಪ್ರಭೆಯ ಹಿನ್ನೀರು ಬಿಸಿಲಿಗೆ ಮಿಂಚುತ್ತಿತ್ತು. ಕರಿ ಹೊಲ, ಹಸಿರು ಹೊಲ, ದಾರದಂಥ ರಸ್ತೆ, ಅದರ ಮೇಲೆ ಹೇನಿನಷ್ಟು ಬಸ್ಸು. ಗುಡ್ಡದ ಮೇಲೆ ಕಳಸ ತನ್ನ ಪಾಡಿಗೆ ತಾನು ಹೊಳೆಯುತ್ತಿತ್ತು. ಎಲ್ಲವ್ವ ಸಿಟ್ಟಾದಂತೇನೂ ಕಾಣಲಿಲ್ಲ. ಅರವತ್ತು ವರ್ಷ ಇದರೊಳಗೇ ತಿರುಗಾಡಿದೆ, ಇದು ಇಷ್ಟು ಚೆಂದ ಇದೆಯೆಂದು ಯಾರೂ ಹೇಳಲಿಲ್ಲವಲ್ಲ ಎಂದು ಆಕೆಗೆ ಯಾರ ಮೇಲೋ ಸಿಟ್ಟು ಬಂತು.

ಅಷ್ಟರಲ್ಲಿ ಮೀನಾ ಕೆಳಗೆ ಹೋಗಿ ಸಂಘದ ಎಂಟು ಮಂದಿಯನ್ನು ಏರಿಸಿ ತಂದಳು. ಒಬ್ಬಳೇ ಕೂತಿದ್ದ ಆ ಎರಡು ನಿಮಿಷ ಕೆಂಚವ್ವ ಕಂಬವೊಂದನ್ನು ತಬ್ಬಿಕೊಂಡಿದ್ದಳು, ಅದನ್ನು ಯಾರೂ ನೋಡಲಿಲ್ಲ. ಬಂದವರೂ ನೋಡುವಂತಿರಲಿಲ್ಲ. ಎಂಟೂ ಮಂದಿ ಕಣ್ಣು ಗಟ್ಟಿಯಾಗಿ ಮುಚ್ಚಿ, ಒಬ್ಬರ ಸೆರಗು ಒಬ್ಬರು ಹಿಡಿದು, ಒಳಗೋಡೆಗೆ ಹಲ್ಲಿಯಂತೆ ಅಂಟಿಕೊಂಡರು. ಎಲ್ಲರಿಗಿಂತ ಬಿಗಿಯಾಗಿ ಅಂಟಿದ್ದವಳು ಸಾವಂತ್ರೆವ್ವ. ಅವಳ ಮೊಣಕಾಲು ಸೀರೆಯೊಳಗೆ ಗಡಗಡ ಅನ್ನುತ್ತಿದ್ದವು. ಆ ದಿನ ಎಂಟೂ ಮಂದಿ ಲಿಫ್ಟಿನ ಬಾಗಿಲಿಂದ ಹಿಂದೆ ಸರಿದದ್ದು ಯಾವ ಭಯಕ್ಕೆಂದು ಕೆಂಚವ್ವನಿಗೆ ಈಗ ಹೊಳೆಯಿತು.

“ಕೆಂಚವ್ವ, ನೀ ಕಣ್ಣು ಮುಚ್ಚೀಯಿಲ್ಲೊ?” ಸಾವಂತ್ರೆವ್ವ ಗೋಡೆಗೆ ಮುಖ ಮಾಡಿ ಕೇಳಿದಳು.

“ಮುಚ್ಚೇನಿ ಬೇ,” ಅಂದಳು ಕೆಂಚವ್ವ, ಎರಡೂ ಕಣ್ಣು ಅಗಲಿಸಿ ಅವಳನ್ನೇ ನೋಡುತ್ತ.

ಮೀನಾ ಪಕ್ಕದಲ್ಲಿ ಬಂದು ಕೂತು ಉಳಿದ ರೊಟ್ಟಿ ಮುಗಿಸಿದಳು. ಬೆರಳು ನೆಕ್ಕಿ, ಯಾರಿಗೂ ಕೇಳದಂತೆ ಅತ್ತೆಯ ಕಿವಿಯಲ್ಲಿ ಹೇಳಿದಳು.

“ಇವತ್ತಿಂದು ಇವತ್ತಿಗೆ ಸರಿ ಆತ್ರಿ ಅತ್ತಿ. ಹಿಂದಿನ ನಾಕು ಮಂಗಳವಾರ ಹಂಗ ಉಳದಾವು. ನಾಕೂ ಸಲ ಇಲ್ಲೇ ಬಂದು, ಕಣ್ಣು ತಕ್ಕೊಂಡು, ನಿಮ್ಮ ಕೈಲೆ ಉಣಸಬೇಕು.”

ತಪ್ಪಿಸಿಕೊಳ್ಳಲು ಒಂದು ಶಾಸ್ತ್ರಕ್ಕಾಗಿ ಕೆಂಚವ್ವ ತಲೆಯೆಲ್ಲ ತಡಕಾಡಿದಳು. ಒಂದೂ ಸಿಗಲಿಲ್ಲ.

“ಹೂಂ ರಿ,” ಅಂದಳು.